ವಸಡಿನ ರಕ್ತ: ವೈರಸ್ಸೋ, ಬ್ಯಾಕ್ಟೀರಿಯವೋ?

ಹಲ್ಲುಜ್ಜುವಾಗ ಬ್ರಷ್ಷಿನ ಮೇಲೆ ರಕ್ತದ ಕಲೆ ಕಂಡರೆ ನೀವು ಏನು ಮಾಡುತ್ತೀರಿ? ಬಹಳಷ್ಟು ಮಂದಿ ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತಾರೆ. ಕೆಲವರು ರಕ್ತ ಬರುವ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ವಸಡಿನ ರಕ್ತ ಅಷ್ಟು ಸಾಮಾನ್ಯವಾದುದರಿಂದ ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ಆದರೆ ವೈದ್ಯರಿಗೆ ಅದೊಂದು ಚಿಹ್ನೆ. ಒಂದು ಚಿಹ್ನೆಯ ಹಿಂದೆ ಹಲವು ಕಾರಣಗಳಿರಬಹುದು. ನಿಜವಾದ ಕಾರಣ ಯಾವುದೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆಯೇ ಈ ಲೇಖನ.

ಶಿವಮೊಗ್ಗ ಜಿಲ್ಲೆಯ ನಕಾಶೆಯನ್ನು ತೆರೆದು ನೋಡಿ. ಶಿಕಾರಿಪುರ ತಾಲ್ಲೂಕಿನಲ್ಲಿ ತೊಗರ್ಸಿ ಇದೆ. ಶಿಕಾರಿಪುರದ ಪಶ್ಚಿಮಕ್ಕೆ ಸೊರಬ ತಾಲ್ಲೂಕು. ಆ ಸೊರಬದ ಒಂದು ಕಾಡಿನ ಹೆಸರು ಇಂದು ಪ್ರಪಂಚದ ಎಲ್ಲ ವೈರಾಣುಶಾಸ್ತ್ರದ ಪುಸ್ತಕಗಳಲ್ಲೂ ಸಿಗುತ್ತದೆ. ಅದು ಕ್ಯಾಸನೂರು. ಅಲ್ಲಿ ಪತ್ತೆಯಾದ ರೋಗದಲ್ಲಿಯೂ ಕೆಲವರಿಗೆ ವಸಡಿನಿಂದ ರಕ್ತ ಬರುತ್ತದೆ. ಅದರ ಕಾರಣ ಒಂದೇ ಒಂದು ವೈರಸ್. ಇನ್ನೊಂದು ಕಡೆ, ಹದಿಹರೆಯದವರ ವಸಡನ್ನೂ ದವಡೆಯ ಮೂಳೆಯನ್ನೂ ಬಹು ಬೇಗ ತಿಂದುಹಾಕುವ ರೋಗವೊಂದಿದೆ. ಇದನ್ನು ಇತ್ತೀಚಿನವರೆಗೆ ಉಗ್ರ ವಸಡುರೋಗವೆಂದು ಕರೆಯುತ್ತಿದ್ದರು. ಇದರಲ್ಲಿ ಬ್ಯಾಕ್ಟೀರಿಯಗಳ ಪಾತ್ರ ಖಚಿತ. ವೈರಸ್ಸುಗಳ ಪಾತ್ರದ ಬಗ್ಗೆ 1996ರಿಂದ ಚರ್ಚೆ ನಡೆದೇ ಇದೆ. ಈ ಎರಡು ರೋಗಗಳ ಇತಿಹಾಸವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ರೋಗಕ್ಕೆ 'ಕಾರಣ' ಎಂಬ ಮಾತಿಗೆ ವಿಜ್ಞಾನದಲ್ಲಿ ಏನು ಅರ್ಥ ಎಂಬುದು ಸ್ಪಷ್ಟವಾಗುತ್ತದೆ.

ಕ್ಯಾಸನೂರಿನ ಪಾಠ

1957ರ ಬೇಸಿಗೆಯ ಆರಂಭದಲ್ಲಿ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳೂ ಮುಸುವಗಳೂ ಸಾಲಾಗಿ ಸತ್ತವು. ಅದೇ ಕಾಲಕ್ಕೆ ಕಾಡಿಗೆ ಸೌದೆಗೂ ಸೊಪ್ಪಿಗೂ ಹೋಗಿಬರುತ್ತಿದ್ದ ಹಳ್ಳಿಯವರಿಗೆ ಜ್ವರ ಬಂದಿತು. ಇದ್ದಕ್ಕಿದ್ದಂತೆ ಏರುವ ಜ್ವರ, ತಲೆನೋವು, ತಾಳಲಾರದ ಮೈಕೈ ನೋವು, ಕೆಲವರಲ್ಲಿ ಮೂಗು, ವಸಡು ಮತ್ತು ಕರುಳಿನಿಂದ ರಕ್ತಸ್ರಾವ. ಮೊದಲಿಗೆ ಇದು ಟೈಫಾಯ್ಡ್ ಗುಂಪಿನ ಜ್ವರವಿರಬಹುದು ಎಂದು ಎಣಿಸಲಾಗಿತ್ತು. ಟೈಫಾಯ್ಡ್ ಬ್ಯಾಕ್ಟೀರಿಯದಿಂದ ಬರುವ ರೋಗ. ಆದರೆ ಮಂಗಗಳು ಸಾಯುತ್ತಿದ್ದುದು ಆ ವಿವರಣೆಗೆ ಹೊಂದುತ್ತಿರಲಿಲ್ಲ.

ಮಂಗಗಳ ಸಾವು ಇನ್ನೊಂದು ದೊಡ್ಡ ಭಯವನ್ನು ಹುಟ್ಟಿಸಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಹರಡುವ ಮೊದಲು ಮಂಗಗಳು ಸಾಯುವುದುಂಟು. ಹಳದಿ ಜ್ವರ ಏಷ್ಯಾಕ್ಕೆ ಎಂದೂ ಬಂದಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಸ್ಥಾಪಿಸಿದ್ದ ಸಂಸ್ಥೆ ಅದು. ಇಂದಿನ ರಾಷ್ಟ್ರೀಯ ವೈರಾಣುಶಾಸ್ತ್ರ ಸಂಸ್ಥೆ ಅದೇ. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಸೊರಬಕ್ಕೆ ಬಂದರು.

ಅವರು ಮಾಡಿದ ಕೆಲಸದ ಕ್ರಮವನ್ನು ಗಮನಿಸಿ. ಸತ್ತ ಮಂಗಗಳ ಅಂಗಾಂಶವನ್ನೂ ರೋಗಿಗಳ ರಕ್ತವನ್ನೂ ಎಳೆಯ ಇಲಿಮರಿಗಳಿಗೆ ಚುಚ್ಚಿದರು. ಮರಿಗಳು ಸತ್ತವು. ಅವುಗಳಿಂದ ಒಂದು ವೈರಸ್ ದೊರೆಯಿತು. ಮಂಗಗಳಲ್ಲಿ ಮತ್ತು ಮನುಷ್ಯರಲ್ಲಿ ಸಿಕ್ಕಿದ್ದು ಒಂದೇ ವೈರಸ್. ಗುಣಹೊಂದಿದವರ ರಕ್ತದಲ್ಲಿ ಆ ವೈರಸ್ಸಿಗೆ ಎದುರಾದ ಪ್ರತಿಕಾಯಗಳು ಕಂಡುಬಂದವು. ಕಾಡಿನ ಉಣುಗುಗಳಲ್ಲಿಯೂ ಅದೇ ವೈರಸ್ ಸಿಕ್ಕಿತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಇದರ ಮುಖ್ಯ ವಾಹಕವೆಂದು ಗೊತ್ತಾಯಿತು. ಈ ವೈರಸ್ ಹಳದಿ ಜ್ವರದ್ದಲ್ಲ. ದೂರದ ರಷ್ಯದಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ ಎಂದೇ ಹೆಸರಾಯಿತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು.

ಇಲ್ಲಿ ತರ್ಕದ ಸರಪಣಿಯಲ್ಲಿ ಒಂದು ಕೊಂಡಿಯೂ ತಪ್ಪಿಲ್ಲ. ರೋಗಿಯಲ್ಲಿ ರೋಗಾಣು ಇದೆ. ಅದನ್ನು ಬೇರ್ಪಡಿಸಲಾಗಿದೆ. ಬೇರೆ ಪ್ರಾಣಿಗೆ ಕೊಟ್ಟರೆ ರೋಗ ಬರುತ್ತದೆ. ಆ ಪ್ರಾಣಿಯಿಂದ ಅದೇ ರೋಗಾಣು ಮತ್ತೆ ಸಿಗುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಹಾಕಿಕೊಟ್ಟ ನಿಯಮಗಳು ಬಹುಮಟ್ಟಿಗೆ ಇವೇ. 1882ರಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನು ತೋರಿಸಿಕೊಟ್ಟವರು ಕಾಕ್. ಒಂದು ರೋಗ, ಒಂದು ರೋಗಾಣು. ಇದು ಬಹಳ ಅಂದವಾದ ಲೆಕ್ಕ. ಎಲ್ಲ ರೋಗಗಳೂ ಈ ಲೆಕ್ಕಕ್ಕೆ ಒಗ್ಗುತ್ತವೆಯೆ?

ಹಳೆಯ ಕಾಲದ ವೈದ್ಯರು ಕಂಡದ್ದು

ವಸಡುರೋಗ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಹಲ್ಲಿನ ಬುಡಕ್ಕೆ ಬರುವ 15 ರೋಗಗಳನ್ನು ಎಣಿಸಲಾಗಿದೆ. ವಸಡು ಮೆತ್ತಗಾಗಿ ಕಾರಣವಿಲ್ಲದೆ ರಕ್ತ ಒಸರುವುದನ್ನು ಶೀತಾದ ಎಂದೂ, ಕೀವು ರಕ್ತ ಸುರಿದು ಹಲ್ಲು ಅಲುಗಾಡುವುದನ್ನು ದಂತವೇಷ್ಟ ಎಂದೂ ಅದು ಬೇರೆ ಬೇರೆಯಾಗಿ ಗುರುತಿಸುತ್ತದೆ. ವಸಡಿನ ಉರಿಯೂತ ಮತ್ತು ಹಲ್ಲಿನ ಆಧಾರವೇ ಕುಸಿಯುವ ರೋಗ ಎಂಬ ಇಂದಿನ ವಿಂಗಡಣೆಗೆ ಇದು ಸಮೀಪವಾಗಿದೆ. ಶಿಕಾರಿಪುರ ತಾಲ್ಲೂಕಿನದೇ ಆದ ಬಳ್ಳಿಗಾವಿಯ ಕೋಡಿಯಮಠವನ್ನು 12ನೆಯ ಶತಮಾನದ ಶಾಸನವೊಂದು ವಿದ್ಯೆಯ ನೆಲೆಯೆಂದು ಮಾತ್ರವಲ್ಲ, ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ಹೊಗಳುತ್ತದೆ. ನಮ್ಮ ನಾಡಿನಲ್ಲಿ ಚಿಕಿತ್ಸೆಯ ಸಂಪ್ರದಾಯ ಹಳೆಯದು. ಆದರೆ ರೋಗಾಣುಗಳನ್ನು ಕಾಣಲು ಸೂಕ್ಷ್ಮದರ್ಶಕ ಬೇಕಾಗಿತ್ತು.

ಅದನ್ನು ಮೊದಲು ಬಾಯಿಯತ್ತ ತಿರುಗಿಸಿದವರು ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವನ್‌ಹುಕ್. ತಮ್ಮ ಹಲ್ಲಿನ ಸಂದಿಯಿಂದ ಕೆರೆದು ತೆಗೆದ ಬಿಳಿಯ ಹಿಟ್ಟಿನಂಥ ಪದಾರ್ಥವನ್ನು ನೀರಿನಲ್ಲಿ ಕಲಸಿ ತಾವೇ ಉಜ್ಜಿ ಮಾಡಿದ ಮಸೂರದ ಕೆಳಗೆ ಇಟ್ಟರು. ಅದರಲ್ಲಿ ಚುರುಕಾಗಿ ಓಡಾಡುವ ಪುಟ್ಟ ಜೀವಿಗಳು ಕಂಡವು. 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಅವುಗಳ ಚಿತ್ರಗಳನ್ನೂ ಕಳಿಸಿದರು. ಎಂದೂ ಹಲ್ಲುಜ್ಜದ ಮುದುಕನೊಬ್ಬನ ಬಾಯಿಂದ ತೆಗೆದ ಮಾದರಿಯನ್ನೂ ಅವರು ನೋಡಿದ್ದರು. ಮನುಷ್ಯನು ಬ್ಯಾಕ್ಟೀರಿಯಗಳನ್ನು ಕಂಡು ದಾಖಲಿಸಿದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಆದರೆ ಆ ಜೀವಿಗಳಿಗೂ ರೋಗಕ್ಕೂ ಸಂಬಂಧವಿರಬಹುದೆಂಬ ವಿಚಾರ ಗಟ್ಟಿಯಾಗಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಕಾಕ್ ಅವರ ಪ್ರಯೋಗಾಲಯದ ವಿಧಾನಗಳನ್ನು ಕಲಿತ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆ 1890ರಲ್ಲಿ ಪುಸ್ತಕವನ್ನೇ ಬರೆದರು. ಹುಳುಕು ಹಲ್ಲಿಗೆ ಬ್ಯಾಕ್ಟೀರಿಯಗಳು ತಯಾರಿಸುವ ಆಮ್ಲ ಕಾರಣವೆಂದು ತೋರಿಸಿದರು. ವಸಡುರೋಗಕ್ಕೂ ಒಂದೇ ರೋಗಾಣು ಸಿಗಬಹುದೆಂದು ಅನೇಕರು ಹುಡುಕಿದರು. ಸಿಗಲಿಲ್ಲ. ಬಾಯಿಯಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಗಳಿವೆ. ಇಂದಿನ ಎಣಿಕೆಯಂತೆ ಮನುಷ್ಯರ ಬಾಯಿಗಳಲ್ಲಿ ಒಟ್ಟು ಸುಮಾರು 700 ಪ್ರಭೇದಗಳು ಕಂಡುಬಂದಿವೆ. ಅವುಗಳಲ್ಲಿ ಅನೇಕವು ಆರೋಗ್ಯವಂತರ ಬಾಯಲ್ಲಿಯೂ ವಾಸಿಸುತ್ತವೆ. ಹೀಗಿರುವಾಗ ಅಪರಾಧಿ ಯಾರೆಂದು ಗುರುತಿಸುವುದು ಹೇಗೆ?

ಹಲ್ಲುಜ್ಜದ ಹನ್ನೆರಡು ಮಂದಿ

ಡೆನ್ಮಾರ್ಕಿನ ಆರ್ಹುಸ್ ನಗರದ ದಂತವೈದ್ಯ ಕಾಲೇಜಿನಲ್ಲಿ ಹಾರಾಲ್ಡ್ ಲೊ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಅದರ ವರದಿ 1965ರಲ್ಲಿ ಪ್ರಕಟವಾಯಿತು. ಆರೋಗ್ಯವಂತ ವಸಡುಗಳಿದ್ದ 12 ಮಂದಿ ಹಲ್ಲುಜ್ಜುವುದನ್ನು ಸಂಪೂರ್ಣ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ಕಾಲೇಜಿನ ವಿದ್ಯಾರ್ಥಿಗಳೇ. ಹಲ್ಲಿನ ಮೇಲೆ ಬ್ಯಾಕ್ಟೀರಿಯಗಳ ಅಂಟು ಪದರ ಬೆಳೆಯಿತು. ದಂತವೈದ್ಯರು ಇದಕ್ಕೆ ಪ್ಲಾಕ್ ಎನ್ನುತ್ತಾರೆ. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಹಲ್ಲುಜ್ಜಲು ಆರಂಭಿಸಿದಾಗ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು.

ಕಾರಣ ಕೊಟ್ಟರೆ ರೋಗ ಬಂದಿತು, ಕಾರಣ ತೆಗೆದರೆ ರೋಗ ಹೋಯಿತು. ಇದು ಒಳ್ಳೆಯ ಪ್ರಯೋಗದ ಮಾದರಿ. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಆದರೆ ಇಲ್ಲಿ ತೋರಿಸಲಾದ ಕಾರಣ ಒಂದು ನಿರ್ದಿಷ್ಟ ಬ್ಯಾಕ್ಟೀರಿಯವಲ್ಲ, ಪ್ಲಾಕ್ ಎಂಬ ಇಡೀ ಸಮುದಾಯ. ಬಂದ ರೋಗವೂ ವಸಡಿನ ಉರಿಯೂತ ಮಾತ್ರ. ಮೂಳೆ ಕರಗಿರಲಿಲ್ಲ.

ಹಾಗಾದರೆ ಹಲ್ಲುಜ್ಜದವರೆಲ್ಲರ ದವಡೆಯ ಮೂಳೆಯೂ ಕರಗುತ್ತದೆಯೆ? ಉತ್ತರ ನಮ್ಮ ನೆರೆಯ ಶ್ರೀಲಂಕಾದಿಂದ ಬಂದಿತು. ಲೊ ಅವರ ತಂಡ 1970ರಿಂದ ಅಲ್ಲಿನ ಚಹಾ ತೋಟಗಳ 480 ಮಂದಿ ತಮಿಳು ಕಾರ್ಮಿಕರನ್ನು 15 ವರ್ಷ ಮತ್ತೆ ಮತ್ತೆ ಪರೀಕ್ಷಿಸಿತು. ಅವರಿಗೆ ಹಲ್ಲುಜ್ಜುವ ರೂಢಿಯೂ ಇರಲಿಲ್ಲ, ದಂತ ಚಿಕಿತ್ಸೆಯೂ ದೊರೆತಿರಲಿಲ್ಲ. ಎಲ್ಲರ ಹಲ್ಲಿನ ಮೇಲೂ ದಪ್ಪ ಪ್ಲಾಕ್, ಎಲ್ಲರ ವಸಡಿನಲ್ಲೂ ಉರಿಯೂತ. ಆದರೂ 1986ರ ವರದಿಯಂತೆ ರೋಗ ವೇಗವಾಗಿ ಬೆಳೆದದ್ದು ಶೇಕಡಾ 8 ಮಂದಿಯಲ್ಲಿ. ಶೇಕಡಾ 81 ಮಂದಿಯಲ್ಲಿ ಅದು ಮಧ್ಯಮ ಗತಿಯಲ್ಲಿತ್ತು. ಉಳಿದ ಶೇಕಡಾ 11 ಮಂದಿಯಲ್ಲಿ ಉರಿಯೂತದಿಂದ ಮುಂದಕ್ಕೆ ಹೋಗಲೇ ಇಲ್ಲ. 35ನೆಯ ವಯಸ್ಸಿಗೆ ಹಲ್ಲಿನ ಬೇರಿನಿಂದ ಕಳಚಿಹೋದ ಆಧಾರವನ್ನು ಅಳೆದರೆ ಮೊದಲ ಗುಂಪಿನಲ್ಲಿ ಸರಾಸರಿ 9 ಮಿಲಿಮೀಟರ್, ಎರಡನೆಯದರಲ್ಲಿ 4, ಮೂರನೆಯದರಲ್ಲಿ 1ಕ್ಕಿಂತ ಕಡಿಮೆ.

ಒಂದೇ ಬಗೆಯ ತೋಟ, ಒಂದೇ ಬಗೆಯ ಊಟ, ಒಂದೇ ಬಗೆಯ ಬಾಯಿ. ಆದರೂ ಫಲಿತಾಂಶ ಬೇರೆ ಬೇರೆ. ಪ್ಲಾಕ್ ಅಗತ್ಯವಾದ ಕಾರಣ ಹೌದು, ಸಾಕಾಗುವಷ್ಟು ಕಾರಣವಲ್ಲ ಎಂಬುದು ಇದರಿಂದ ಸಿದ್ಧವಾಯಿತು.

ಎಳೆಯರ ದವಡೆ ಕರಗುವ ರೋಗ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಸಾಮಾನ್ಯ ವಸಡುರೋಗ ನಡುವಯಸ್ಸಿನಲ್ಲಿ ನಿಧಾನವಾಗಿ ಬರುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಹರೆಯಕ್ಕೆ ಕಾಲಿಡುವ ಹೊತ್ತಿಗೇ ಮೊದಲ ದವಡೆಹಲ್ಲು ಮತ್ತು ಬಾಚಿಹಲ್ಲುಗಳ ಸುತ್ತಲ ಮೂಳೆ ಕರಗಲು ಆರಂಭಿಸುತ್ತದೆ. ವಿಚಿತ್ರವೆಂದರೆ ಅವರ ಹಲ್ಲಿನ ಮೇಲೆ ಪ್ಲಾಕ್ ಹೆಚ್ಚಾಗಿರುವುದಿಲ್ಲ. ವಸಡೂ ಹೊರಗೆ ಚೆನ್ನಾಗಿಯೇ ಕಾಣಬಹುದು. ಹಲ್ಲು ಅಲುಗಾಡಿದಾಗ ಅಥವಾ ಮುಂದಿನ ಹಲ್ಲುಗಳ ನಡುವೆ ಸಂದಿ ಬಿಟ್ಟಾಗಲೇ ರೋಗ ಗೊತ್ತಾಗುವುದು. ಒಂದೇ ಮನೆಯ ಅಣ್ಣ ತಂಗಿಯರಿಬ್ಬರಿಗೂ ಇದು ಬರುವುದುಂಟು.

ವಿಯೆನ್ನಾದ ಬರ್ನ್‌ಹಾರ್ಡ್ ಗಾಟ್‌ಲೀಬ್ 1920ರ ದಶಕದಲ್ಲಿ ಇದನ್ನು ವಿವರಿಸಿದಾಗ, ಇದು ಸೋಂಕು ರೋಗವಲ್ಲ, ಮೂಳೆ ತಾನಾಗಿ ಸವೆಯುವ ಸ್ಥಿತಿ ಎಂದು ಭಾವಿಸಿದ್ದರು. ಪ್ಲಾಕ್ ಕಡಿಮೆ ಇದ್ದುದರಿಂದ ಆ ಊಹೆ ಸಹಜವೇ ಆಗಿತ್ತು. ಬಹುಕಾಲ ದಂತವೈದ್ಯರು ಹಾಗೆಯೇ ನಂಬಿದರು. ಊಹೆ ತಪ್ಪಾದರೆ ಚಿಕಿತ್ಸೆಯೂ ತಪ್ಪುತ್ತದೆ. ಮೂಳೆ ತಾನಾಗಿ ಸವೆಯುವುದಾದರೆ ಯಾರೂ ಏನೂ ಮಾಡುವಂತಿಲ್ಲ. ಅಂಥ ಹಲ್ಲುಗಳನ್ನು ಕೀಳುವುದೇ ದಾರಿ ಎಂದಾಯಿತು.

1976ರಲ್ಲಿ ಚಿತ್ರ ಬದಲಾಯಿತು. ನ್ಯೂಮನ್, ಸೊಕ್ರಾನ್‌ಸ್ಕಿ ಮತ್ತು ಸಂಗಡಿಗರು, ಹಾಗೆಯೇ ಯೋರ್ಗನ್ ಸ್ಲಾಟ್ಸ್, ಇಂಥ ಎಳೆಯ ರೋಗಿಗಳ ವಸಡಿನ ಸಂಚಿಗಳಿಂದ ಮಾದರಿ ತೆಗೆದು ಆಮ್ಲಜನಕವಿಲ್ಲದ ವಾತಾವರಣದಲ್ಲಿ ಬೆಳೆಸಿದರು. ಆರೋಗ್ಯವಂತ ಜಾಗಗಳಲ್ಲಿ ಇರುವುದಕ್ಕಿಂತ ಬೇರೆಯೇ ಆದ ಬ್ಯಾಕ್ಟೀರಿಯಗಳು ಅಲ್ಲಿದ್ದವು. ಅವುಗಳಲ್ಲಿ ಎದ್ದು ಕಂಡದ್ದು ಇಂದು ಅಗ್ರಿಗೇಟಿಬ್ಯಾಕ್ಟರ್ ಆಕ್ಟಿನೊಮೈಸಿಟೆಮ್‌ಕಾಮಿಟನ್ಸ್ ಎಂದು ಕರೆಯುವ ಬ್ಯಾಕ್ಟೀರಿಯ. ಹೆಸರು ಉದ್ದವಾದುದರಿಂದ ಇಲ್ಲಿ ಅದನ್ನು 'ಎ.ಎ.' ಎನ್ನೋಣ. 1912ರಲ್ಲಿ ಕ್ಲಿಂಗರ್ ಎಂಬವರು ಬೇರೊಂದು ರೋಗದ ಗಾಯಗಳಲ್ಲಿ ಇದನ್ನು ಕಂಡಿದ್ದರು. ಆದರೆ ವಸಡಿನಲ್ಲಿ ಇದು ಮಾಡುವ ಕೆಲಸ ಅದುವರೆಗೆ ಗೊತ್ತಿರಲಿಲ್ಲ.

ಎ.ಎ. ಏನು ಮಾಡುತ್ತದೆ? ವಸಡಿನಲ್ಲಿ ಬ್ಯಾಕ್ಟೀರಿಯ ಸೇರಿದಾಗ ಅವುಗಳನ್ನು ನುಂಗಲು ಬಿಳಿ ರಕ್ತಕಣಗಳು ಧಾವಿಸುತ್ತವೆ. ಎ.ಎ. ಬಿಡುಗಡೆ ಮಾಡುವ ಲ್ಯೂಕೊಟಾಕ್ಸಿನ್ ಎಂಬ ವಿಷ ಆ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ. ಕಾವಲುಗಾರರು ಸತ್ತರೆ ಮನೆ ಯಾರಿಗೂ ಸುಲಭ. ಉರಿಯೂತ ಆಳಕ್ಕಿಳಿದು ಮೂಳೆಯನ್ನು ಕರಗಿಸುವ ಕಣಗಳಿಗೆ ಪ್ರಚೋದನೆ ಸಿಗುತ್ತದೆ. ಈ ಬ್ಯಾಕ್ಟೀರಿಯದ ಒಂದು ತಳಿಯಲ್ಲಿ ವಿಷದ ಜೀನುಗಳನ್ನು ಹತೋಟಿಯಲ್ಲಿಡುವ ಡಿ.ಎನ್.ಎ. ಭಾಗದಲ್ಲಿ 530 ಜೋಡಿ ಅಕ್ಷರಗಳಷ್ಟು ತುಂಡು ಬಿಟ್ಟುಹೋಗಿದೆ. ಅದರ ಪರಿಣಾಮವಾಗಿ ವಿಷದ ಉತ್ಪಾದನೆ ಹಲವು ಪಟ್ಟು ಹೆಚ್ಚು. ಇದಕ್ಕೆ ಜೆಪಿ2 ತಳಿ ಎಂದು ಹೆಸರು.

ಆದರೂ ಒಂದು ಅನುಮಾನ ಉಳಿಯುತ್ತದೆ. ರೋಗ ಬಂದ ಮೇಲೆ ಆ ಸಂಚಿಯಲ್ಲಿ ಬ್ಯಾಕ್ಟೀರಿಯ ಮನೆ ಮಾಡಿದೆಯೋ, ಬ್ಯಾಕ್ಟೀರಿಯ ಬಂದುದರಿಂದ ರೋಗ ಬಂದಿದೆಯೋ? ಕಾರಣ ಯಾವಾಗಲೂ ಪರಿಣಾಮಕ್ಕಿಂತ ಮೊದಲು ಬರಬೇಕು. ಇದನ್ನು ಪರೀಕ್ಷಿಸಲು ಡೆನ್ಮಾರ್ಕಿನ ಡೋರ್ಟೆ ಹೌಬೆಕ್ ಮತ್ತು ಸಂಗಡಿಗರು ಮೊರಾಕೊ ದೇಶದ ಶಾಲಾ ಮಕ್ಕಳನ್ನು ಆರಿಸಿಕೊಂಡರು. ಮೊದಲಿಗೆ ವಸಡು ಚೆನ್ನಾಗಿದ್ದ ಮಕ್ಕಳ ಬಾಯಲ್ಲಿ ಯಾವ ತಳಿಯಿದೆ ಎಂದು ನೋಡಿಟ್ಟುಕೊಂಡು ಎರಡು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಜೆಪಿ2 ತಳಿ ಮಾತ್ರ ಇದ್ದವರಲ್ಲಿ ರೋಗ ಬರುವ ಸಂಭವ ಎ.ಎ. ಇಲ್ಲದವರಿಗಿಂತ ಸುಮಾರು 18 ಪಟ್ಟು. ಬೇರೆ ತಳಿಗಳಿದ್ದವರಲ್ಲಿ ಸುಮಾರು 3 ಪಟ್ಟು. ಬ್ಯಾಕ್ಟೀರಿಯ ಮೊದಲು, ರೋಗ ಆಮೇಲೆ. ಸಾಕ್ಷ್ಯ ಬಲವಾಯಿತು.

ವೈರಸ್ಸಿನ ಪ್ರವೇಶ

ಇಷ್ಟೆಲ್ಲ ಆದ ಮೇಲೂ ಉತ್ತರ ಸಿಗದ ಪ್ರಶ್ನೆಗಳಿದ್ದವು. ರೋಗ ಕೆಲವು ಹಲ್ಲುಗಳಿಗೇ ಏಕೆ ಸೀಮಿತ? ಕೆಲಕಾಲ ಉಗ್ರವಾಗಿ ಬೆಳೆದು ಆಮೇಲೆ ತಣ್ಣಗಾಗುವುದೇಕೆ? ಎ.ಎ. ಇದ್ದರೂ ಕೆಲವರಿಗೆ ರೋಗ ಬಾರದಿರುವುದೇಕೆ?

1996ರಲ್ಲಿ ಅಡಾಲ್ಫೊ ಕಾಂಟ್ರೆರಾಸ್ ಮತ್ತು ಅದೇ ಯೋರ್ಗನ್ ಸ್ಲಾಟ್ಸ್ ವಸಡಿನ ಸಂಚಿಗಳಲ್ಲಿ ವೈರಸ್ಸುಗಳನ್ನು ಹುಡುಕಿದರು. ಅತ್ಯಲ್ಪ ಡಿ.ಎನ್.ಎ.ಯನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುವ ಪಿ.ಸಿ.ಆರ್. ವಿಧಾನ ಆಗ ಕೈಗೆ ಬಂದಿತ್ತು. ರೋಗವಿರುವ ಸಂಚಿಗಳಲ್ಲಿ ಹರ್ಪಿಸ್ ಕುಟುಂಬದ ವೈರಸ್ಸುಗಳು, ಮುಖ್ಯವಾಗಿ ಸೈಟೊಮೆಗಾಲೊ ವೈರಸ್ ಮತ್ತು ಎಪ್‌ಸ್ಟೀನ್–ಬಾರ್ ವೈರಸ್, ಆರೋಗ್ಯವಂತ ಜಾಗಗಳಿಗಿಂತ ಹೆಚ್ಚಾಗಿ ಕಂಡುಬಂದವು. ಎಳೆಯರ ಉಗ್ರ ರೋಗದಲ್ಲಿಯೂ ಇವುಗಳ ಗುರುತು ಮುಂದಿನ ವರ್ಷಗಳಲ್ಲಿ ಸಿಕ್ಕಿತು.

ಈ ವೈರಸ್ಸುಗಳ ಸ್ವಭಾವ ಗಮನಾರ್ಹ. ಬಹುಪಾಲು ಜನರಿಗೆ ಇವು ಬಾಲ್ಯದಲ್ಲೇ ಅಂಟಿ, ಜೀವನಪೂರ್ತಿ ದೇಹದಲ್ಲಿ ನಿದ್ರಿಸುತ್ತವೆ. ದೇಹದ ರೋಗರಕ್ಷಣೆ ಕುಗ್ಗಿದಾಗ ಎಚ್ಚರಗೊಳ್ಳುತ್ತವೆ. ಸೈಟೊಮೆಗಾಲೊ ವೈರಸ್ ಅಡಗುವುದು ಬ್ಯಾಕ್ಟೀರಿಯಗಳನ್ನು ನುಂಗುವ ಕಣಗಳ ವಂಶದಲ್ಲಿ. ಎಪ್‌ಸ್ಟೀನ್–ಬಾರ್ ವೈರಸ್ ಅಡಗುವುದು ಪ್ರತಿಕಾಯಗಳನ್ನು ತಯಾರಿಸುವ ಬಿ ಕಣಗಳಲ್ಲಿ. ಸ್ಲಾಟ್ಸ್ ಮುಂದಿಟ್ಟ ವಾದ ಹೀಗಿದೆ: ವಸಡಿನಲ್ಲಿ ವೈರಸ್ ಎಚ್ಚರಗೊಂಡರೆ ಅಲ್ಲಿನ ರಕ್ಷಣೆ ಸಡಿಲವಾಗುತ್ತದೆ. ಆ ಸಮಯ ನೋಡಿ ಎ.ಎ.ಯಂಥ ಬ್ಯಾಕ್ಟೀರಿಯಗಳು ಹೆಚ್ಚಾಗುತ್ತವೆ. ಬ್ಯಾಕ್ಟೀರಿಯಗಳ ಉರಿಯೂತ ವೈರಸ್ಸನ್ನು ಮತ್ತೆ ಕೆಣಕುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ನೆರವಾಗುತ್ತಾರೆ.

ಇಂಥ ಜೋಡಿ ಕೆಲಸಕ್ಕೆ ಬೇರೆ ಕಡೆ ಉದಾಹರಣೆಗಳಿವೆ. 1918ರ ಮಹಾ ಇನ್‌ಫ್ಲುಯೆಂಜಾದಲ್ಲಿ ಹೆಚ್ಚಿನವರು ಸತ್ತದ್ದು ವೈರಸ್ಸಿನ ಬೆನ್ನ ಹಿಂದೆ ಬಂದ ಬ್ಯಾಕ್ಟೀರಿಯಗಳ ನ್ಯುಮೋನಿಯದಿಂದ. ಬಡತನ ಮತ್ತು ಅಪೌಷ್ಟಿಕತೆಯಲ್ಲಿ ಬೆಳೆಯುವ ಮಕ್ಕಳಲ್ಲಿ ದಡಾರದ ನಂತರ ವಸಡಿನಲ್ಲಿ ಆರಂಭವಾಗಿ ಕೆನ್ನೆಯನ್ನೇ ಕೊಳೆಯಿಸುವ ನೋಮಾ ಎಂಬ ಭೀಕರ ರೋಗ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿತು. ದಡಾರದ ವೈರಸ್ ರಕ್ಷಣೆಯನ್ನು ಕೆಡಿಸುತ್ತದೆ. ನಾಶದ ಕೆಲಸವನ್ನು ಬಾಯಿಯ ಬ್ಯಾಕ್ಟೀರಿಯಗಳು ಮಾಡುತ್ತವೆ.

ಹಾಗಾದರೆ ಉಗ್ರ ವಸಡುರೋಗಕ್ಕೆ ಹರ್ಪಿಸ್ ವೈರಸ್ಸೂ ಕಾರಣ ಎಂದು ಹೇಳಿಬಿಡಬಹುದೆ? ಇಲ್ಲಿ ಕ್ಯಾಸನೂರನ್ನು ನೆನಪಿಸಿಕೊಳ್ಳಿ. ಅಲ್ಲಿ ವೈರಸ್ ಆರೋಗ್ಯವಂತರಲ್ಲಿ ಮನೆ ಮಾಡಿಕೊಂಡು ಇರುತ್ತಿರಲಿಲ್ಲ. ಇಲ್ಲಿ ವೈರಸ್ ಬಹುತೇಕ ಎಲ್ಲರಲ್ಲೂ ಇದೆ. ಉರಿಯೂತವಾದ ಜಾಗಕ್ಕೆ ಬಿಳಿ ರಕ್ತಕಣಗಳು ಹೆಚ್ಚಾಗಿ ಬರುತ್ತವೆ. ವೈರಸ್ ಆ ಕಣಗಳೊಳಗೇ ಇರುವುದರಿಂದ ರೋಗವಿರುವಲ್ಲಿ ಅದು ಹೆಚ್ಚಾಗಿ ಸಿಗುವುದು ಪರಿಣಾಮವೇ ಆಗಿರಬಹುದು. ಬೆಂಕಿ ಬಿದ್ದ ಕಡೆಯಲ್ಲೆಲ್ಲ ಅಗ್ನಿಶಾಮಕ ದಳ ಕಂಡಿತೆಂದು ಅವರೇ ಬೆಂಕಿ ಹಚ್ಚಿದರೆನ್ನಲಾಗದು. ಮೊರಾಕೊದ ಮಕ್ಕಳಲ್ಲಿ ನಡೆದಂತೆ ಮೊದಲೇ ನೋಡಿಟ್ಟುಕೊಂಡು ಕಾದು ಪರೀಕ್ಷಿಸಿದ ಬಲವಾದ ಸಾಕ್ಷ್ಯ ವೈರಸ್ಸಿನ ವಿಷಯದಲ್ಲಿ ಇನ್ನೂ ಒದಗಿಲ್ಲ. ವೈರಸ್ ನಿರೋಧಕ ಔಷಧಗಳು ಈ ರೋಗದ ವಾಡಿಕೆಯ ಚಿಕಿತ್ಸೆಯಲ್ಲಿ ಸೇರಿಲ್ಲ. ಆದ್ದರಿಂದ ವೈರಸ್ಸು ಸಹಾಯಕನಿರಬಹುದು, ಮುಖ್ಯ ಆರೋಪಿಯೆಂದು ಸಾಬೀತಾಗಿಲ್ಲ ಎನ್ನುವುದೇ ಇಂದಿನ ಪ್ರಾಮಾಣಿಕ ಉತ್ತರ.

ನೆಲ ಹದವಾಗಿದ್ದರೆ ಬೀಜ

ಬೀಜ ಎಷ್ಟೇ ಒಳ್ಳೆಯದಾದರೂ ನೆಲ ಹದವಾಗಿರಬೇಕು. ರೋಗಾಣುವಿಗೆ ನೆಲವೆಂದರೆ ನಮ್ಮ ದೇಹ. 1924ರಲ್ಲಿ ಪ್ಯಾಪಿಯೋ ಮತ್ತು ಲೆಫೆವ್ರ್ ಎಂಬ ಫ್ರೆಂಚ್ ವೈದ್ಯರು ಅಂಗೈ ಅಂಗಾಲು ದಪ್ಪಗಾಗಿ, ಹಾಲುಹಲ್ಲುಗಳೂ ಆಮೇಲೆ ಶಾಶ್ವತ ಹಲ್ಲುಗಳೂ ಬೇಗನೆ ಉದುರುವ ಮಕ್ಕಳನ್ನು ವಿವರಿಸಿದರು. 1999ರಲ್ಲಿ ಇದಕ್ಕೆ ಕೆಥೆಪ್ಸಿನ್ ಸಿ ಎಂಬ ಕಿಣ್ವದ ಜೀನಿನಲ್ಲಿರುವ ದೋಷ ಕಾರಣವೆಂದು ಪತ್ತೆಯಾಯಿತು. ಬಿಳಿ ರಕ್ತಕಣಗಳು ತಮ್ಮ ಆಯುಧಗಳನ್ನು ಸಜ್ಜುಗೊಳಿಸಲು ಆ ಕಿಣ್ವ ಬೇಕು. ಒಂದೇ ಜೀನು ಕೆಟ್ಟರೆ ಇಷ್ಟು ಅನಾಹುತ. ರಕ್ತಸಂಬಂಧದ ಮದುವೆಗಳು ಇರುವಲ್ಲಿ ಇಂಥ ರೋಗ ಕಾಣಿಸುವ ಸಂಭವ ಹೆಚ್ಚು ಎಂಬುದನ್ನು ಜೀವಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ವಿವರಿಸಬಹುದು.

ಬ್ಯಾಕ್ಟೀರಿಯಗಳ ಪಾತ್ರವೂ ನಾವು ಎಣಿಸಿದಷ್ಟು ಸರಳವಲ್ಲ. ವಯಸ್ಕರ ವಸಡುರೋಗದಲ್ಲಿ ಹೆಸರಾದ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯವನ್ನು ಇಲಿಗಳ ಬಾಯಿಗೆ ಹಾಕಿ ನೋಡಲಾಯಿತು. ಹಾಜಿಶೆಂಗಾಲಿಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದಂತೆ, ಅದು ಒಟ್ಟು ಬ್ಯಾಕ್ಟೀರಿಯಗಳಲ್ಲಿ ಅತ್ಯಲ್ಪ ಭಾಗವಿದ್ದರೂ ಇಲಿಗಳ ದವಡೆಯ ಮೂಳೆ ಕರಗಿತು. ಆದರೆ ಬೇರೆ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಅದೊಂದನ್ನೇ ಹಾಕಿದಾಗ ಮೂಳೆ ಕರಗಲಿಲ್ಲ. ಅಂದರೆ ಅದು ಒಂಟಿಯಾಗಿ ರೋಗ ತರುವುದಿಲ್ಲ. ಸಾಧುವಾಗಿದ್ದ ಇತರ ಬ್ಯಾಕ್ಟೀರಿಯಗಳ ಸಮುದಾಯವನ್ನು ಕೆಡಿಸಿ ರೋಗ ತರುತ್ತದೆ. ಕಾಕ್ ನಿಯಮಗಳನ್ನು ಹಾಗೆಯೇ ಅನ್ವಯಿಸಿದ್ದರೆ ಈ ಬ್ಯಾಕ್ಟೀರಿಯವನ್ನು ನಿರಪರಾಧಿಯೆಂದು ಬಿಟ್ಟುಬಿಡಬೇಕಾಗಿತ್ತು.

ಈ ತಿಳಿವಳಿಕೆ ರೋಗದ ಹೆಸರಿನ ಮೇಲೂ ಪರಿಣಾಮ ಬೀರಿತು. ಎಳೆಯರ ವಸಡುರೋಗ ಎಂದಿದ್ದುದಕ್ಕೆ 1999ರಲ್ಲಿ ಉಗ್ರ ವಸಡುರೋಗ ಎಂದು ಹೆಸರಿಟ್ಟರು. 2017ರಲ್ಲಿ ನಡೆದ ವಿಶ್ವ ಕಾರ್ಯಗೋಷ್ಠಿ ಉಗ್ರ ಮತ್ತು ದೀರ್ಘಕಾಲಿಕ ಎಂಬ ಭೇದವನ್ನೇ ಕೈಬಿಟ್ಟಿತು. ರೋಗ ಎಷ್ಟು ಹಾನಿ ಮಾಡಿದೆ ಎಂಬುದಕ್ಕೆ ನಾಲ್ಕು ಹಂತಗಳು, ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದಕ್ಕೆ ಮೂರು ದರ್ಜೆಗಳು ಎಂಬ ಹೊಸ ಕ್ರಮ 2018ರಲ್ಲಿ ಪ್ರಕಟವಾಯಿತು. ದವಡೆಹಲ್ಲು ಮತ್ತು ಬಾಚಿಹಲ್ಲುಗಳಿಗೆ ಸೀಮಿತವಾದ ಬಗೆಯನ್ನು ಮಾತ್ರ ಬೇರೆಯಾಗಿ ಗುರುತಿಸುವುದು ಉಳಿದಿದೆ. ಹಳೆಯ ಪಠ್ಯಪುಸ್ತಕ ಓದುವವರು ಈ ಬದಲಾವಣೆಯನ್ನು ಗಮನದಲ್ಲಿಡಬೇಕು.

ನಾವು ಮಾಡಬೇಕಾದುದೇನು?

ಕಾರಣ ತಿಳಿದುದರ ಫಲ ರೋಗಿಗೆ ಮುಟ್ಟಬೇಕು. ಮೂಳೆ ತಾನಾಗಿ ಸವೆಯುತ್ತದೆ ಎಂದು ನಂಬಿದ್ದ ಕಾಲದಲ್ಲಿ ಕಿತ್ತೆಸೆಯುತ್ತಿದ್ದ ಹಲ್ಲುಗಳನ್ನು ಇಂದು ಉಳಿಸಬಹುದು. ಬೇರಿನ ಮೇಲಿನ ಪ್ಲಾಕ್ ಮತ್ತು ಗಟ್ಟಿ ಪದರವನ್ನು ಆಳದವರೆಗೆ ಶುಚಿ ಮಾಡಿ, ಅಗತ್ಯವಿದ್ದರೆ ಮಾತ್ರ ಪ್ರತಿಜೈವಿಕ ಔಷಧ ಕೊಟ್ಟು, ಮತ್ತೆ ಮತ್ತೆ ಪರೀಕ್ಷಿಸುವುದು ಚಿಕಿತ್ಸೆಯ ಕ್ರಮ. ಪ್ಲಾಕನ್ನು ಕೆರೆದು ತೆಗೆಯದೆ ಔಷಧ ಅಂಗಡಿಯಿಂದ ಮಾತ್ರೆ ತಂದು ನುಂಗಿದರೆ ಪ್ರಯೋಜನವಿಲ್ಲ. ಆ ಪದರದೊಳಗೆ ಅಡಗಿದ ಬ್ಯಾಕ್ಟೀರಿಯಗಳನ್ನು ಔಷಧ ಸುಲಭವಾಗಿ ಮುಟ್ಟುವುದಿಲ್ಲ. ಉಳಿದವು ಔಷಧಕ್ಕೆ ಬಗ್ಗದಂತಾಗುವ ಅಪಾಯವೂ ಇದೆ. ವೈರಸ್ಸಿನ ಮೇಲಂತೂ ಪ್ರತಿಜೈವಿಕ ಔಷಧ ಕೆಲಸವನ್ನೇ ಮಾಡದು.

ಅಧ್ಯಾಪಕರೇ, ನಿಮ್ಮ ತರಗತಿಯ ಹುಡುಗ ಅಥವಾ ಹುಡುಗಿಯ ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದಿ ಬಿಡುತ್ತಿದ್ದರೆ, ಹಲ್ಲು ಅಲುಗಾಡುತ್ತದೆಂದು ಹೇಳಿದರೆ, ದಂತವೈದ್ಯರ ಬಳಿಗೆ ಕಳಿಸಿ. ರೋಗ ಖಚಿತವಾದರೆ ಅವರ ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ಪರೀಕ್ಷಿಸಬೇಕು. ಎಕ್ಸ್-ರೇ ಚಿತ್ರದಲ್ಲಿ ಮೂಳೆಯ ನಷ್ಟ ಹೊರಗೆ ಕಾಣುವ ಮೊದಲೇ ತಿಳಿಯುತ್ತದೆ. ತಿನ್ನುವ ಬಣ್ಣವನ್ನು ನೀರಿನಲ್ಲಿ ಕಲಸಿ ಮುಕ್ಕಳಿಸಿದರೆ ಪ್ಲಾಕ್ ಇರುವ ಜಾಗ ಬಣ್ಣ ಹಿಡಿಯುತ್ತದೆ. ಹಲ್ಲುಜ್ಜಿದ ಮೇಲೂ ಬಣ್ಣ ಎಲ್ಲಿ ಉಳಿಯಿತು ಎಂದು ಕನ್ನಡಿಯಲ್ಲಿ ನೋಡಿಸಿ. ಇದು ಶಾಲೆಯಲ್ಲೇ ಮಾಡಬಹುದಾದ ಒಳ್ಳೆಯ ಚಟುವಟಿಕೆ. ವಸಡಿನಲ್ಲಿ ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬಾರದು, ಮೃದುವಾಗಿ ಇನ್ನಷ್ಟು ಶುಚಿ ಮಾಡಬೇಕು ಎಂಬುದನ್ನು ಆರ್ಹುಸ್ ಪ್ರಯೋಗ ಹೇಳಿಕೊಟ್ಟಿದೆ. ಬೀಡಿ ಸಿಗರೇಟು ಸೇದುವವರಲ್ಲಿ ವಸಡಿನ ರಕ್ತ ಕಡಿಮೆ ಕಾಣುತ್ತದೆ. ಅದು ಆರೋಗ್ಯದ ಗುರುತಲ್ಲ. ರೋಗ ಮರೆಯಲ್ಲಿ ಬೆಳೆಯುತ್ತಿರುತ್ತದೆ.

ಮಲೆನಾಡಿನವರು ಇನ್ನೊಂದು ಎಚ್ಚರಿಕೆಯನ್ನು ಸೇರಿಸಿಕೊಳ್ಳಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಕಾಡಿಗೆ ಅಥವಾ ಕಾಡಂಚಿನ ತೋಟಕ್ಕೆ ಹೋಗಿಬಂದವರಿಗೆ ತೀವ್ರ ಜ್ವರ ಮೈಕೈ ನೋವಿನೊಂದಿಗೆ ವಸಡಿನಲ್ಲಿ ರಕ್ತ ಕಂಡರೆ, ಅದು ಹಲ್ಲಿನ ತೊಂದರೆಯಲ್ಲ. ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮಂಗನ ಕಾಯಿಲೆ ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುವ ಸಂಭವವಿದೆ. ಅದಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ಬಳಕೆಯಲ್ಲಿಲ್ಲ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು ಉಣುಗು ಹತ್ತದಂತೆ ತೈಲ ಹಚ್ಚಿಕೊಳ್ಳುವುದು, ಮರಳಿದ ಮೇಲೆ ಬಿಸಿನೀರು ಸಾಬೂನಿನಿಂದ ಸ್ನಾನ ಮಾಡುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಇವೇ ಮುಖ್ಯ ರಕ್ಷಣೆ.

ಕ್ಯಾಸನೂರಿನ ರೋಗಕ್ಕೆ ಒಂದು ವೈರ‌ಸ್ ಕಾರಣವಾದರೆ, ಎಳೆಯರ ವಸಡುರೋಗಕ್ಕೆ ಬ್ಯಾಕ್ಟೀರಿಯ, ಅದು ಬೆಳೆಯುವ ಸಮುದಾಯ, ಬಹುಶಃ ವೈರಸ್, ಜೊತೆಗೆ ರೋಗಿಯ ಜೀನುಗಳು ಕೂಡಿ ಕಾರಣ. ಎರಡನೆಯದರ ಲೆಕ್ಕ ಇನ್ನೂ ಪೂರ್ತಿ ಬಿಡಿಸಿಲ್ಲ. ಅದನ್ನು ಬಿಡಿಸುವವರು ಈಗ ನಿಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿರಬಹುದು. ಅವರಿಗೆ 'ಇದಕ್ಕೆ ಕಾರಣವೇನು?' ಎಂದು ಕೇಳುವುದರ ಜೊತೆಗೆ 'ಅದೇ ಕಾರಣವೆಂದು ಹೇಗೆ ಗೊತ್ತು?' ಎಂದು ಕೇಳುವುದನ್ನೂ ಕಲಿಸಿ.